ಅಡ್ಡದಾರಿ ಹಿಡಿಯುವ ಸುಳಿವುಗಳು: ಪದಬಂಧದ ಗೂಢ ಸುಳಿವು ಬಿಡಿಸಲು ಸಮಗ್ರ ಮಾರ್ಗದರ್ಶಿ

ಪದಬಂಧದಲ್ಲಿ ಹೆಚ್ಚಿನವರು ಸಿಕ್ಕಿಬೀಳುವ ಜಾಗ ಒಂದೇ. ‘ಸೂರ್ಯ (2)’ ಅಂದರೆ ‘ರವಿ’ ಅಂತ ಬರೆದು ಮುಂದೆ ಹೋಗುತ್ತೇವೆ. ನೇರ ಸುಳಿವುಗಳೆಲ್ಲ ಕಾಫಿ ಆರುವುದರೊಳಗೆ ಮುಗಿಯುತ್ತವೆ. ಆಮೇಲೆ ಇಂಥದ್ದೊಂದು ಎದುರಾಗುತ್ತದೆ:

ಮನೆ ಗಡಿಯಾರದೊಳಗೆ ಸೇರಿಕೊಂಡ ಶೀತ (3)

ಇದನ್ನು ನಾನು ಮೊದಲು ಕೊಟ್ಟಿದ್ದು ನಮ್ಮ ಚಿಕ್ಕಮ್ಮನಿಗೆ. ದಿನಾ ಪದಬಂಧ ಬಿಡಿಸುವವರು. ಕನ್ನಡಕ ಏರಿಸಿ ಎರಡು ಸಲ ಓದಿದರು. “ಅಲ್ವೇ, ಗಡಿಯಾರಕ್ಕೂ ಶೀತಕ್ಕೂ ಏನೇ ಸಂಬಂಧ?” ಅಂದರು. ಹತ್ತು ನಿಮಿಷ ಲೋಲಕ, ಮುಳ್ಳು, ಬ್ಯಾಟರಿ ಅಂತ ಯೋಚಿಸಿ ಕೈಬಿಟ್ಟರು. ಗಡಿಯಾರದ ಬಗ್ಗೆ ಯೋಚಿಸಿದ್ದೇ ತಪ್ಪು. ಗೂಢ ಸುಳಿವಿನಲ್ಲಿ ವಾಕ್ಯ ಏನು ಹೇಳುತ್ತದೆ ಅನ್ನುವುದು ಬರೀ ಹೊದಿಕೆ. ಕೆಲಸ ನಡೆಯುವುದು ಅಕ್ಷರಗಳಲ್ಲಿ. ‘ಮನೆ ಗಡಿಯಾರ’ ಅಂತ ಬರೆದು ಒಂದೊಂದೇ ಅಕ್ಷರ ನೋಡಿ: ಮ, ನೆ, ಗ, ಡಿ, ಯಾ, ರ. ಸಿಕ್ಕಿತಲ್ಲ ನೆಗಡಿ!

ಇಲ್ಲಿರುವ ಗೂಢ ಸುಳಿವುಗಳನ್ನೆಲ್ಲ ನಾನೇ ಕಟ್ಟಿದ್ದೇನೆ. ಉತ್ತರ ಓದುವ ಮುಂಚೆ ಅರ್ಧ ನಿಮಿಷ ನಿಂತು ನೀವೇ ನೋಡಿ.

## ಕೈಯಲ್ಲಿ ಇರಬೇಕಾದದ್ದು

ಪೆನ್ಸಿಲ್, ರಬ್ಬರು, ಖಾಲಿ ಹಾಳೆ. ಹಾಳೆ ಬೇಡ ಅನ್ನುವವರೇ ಜಾಸ್ತಿ ಸೋಲುವುದು. ತಲೆಯಲ್ಲೇ ಅಕ್ಷರ ತಿರುಗಿಸಲು ಹೋದರೆ ಗುಣಿತ ಕಳಚಿಕೊಳ್ಳುತ್ತದೆ.

ಜೊತೆಗೆ ಒಂದು ನಿಘಂಟು ಇರಲಿ. ಮೊಬೈಲಿನಲ್ಲಾದರೆ ‘ಅಲರ್’ ಎಂಬ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ಸಾಕು. ಉತ್ತರ ಹುಡುಕಲು ಅದನ್ನು ತೆರೆಯಬೇಡಿ. ಉತ್ತರ ಹೊಳೆದ ಮೇಲೆ ಆ ಪದಕ್ಕೆ ನಿಜವಾಗಿ ಆ ಅರ್ಥ ಇದೆಯಾ ಅಂತ ನೋಡಲು ತೆರೆಯಿರಿ.

## ಹಂತ 1: ಮೊದಲು ಮನೆ ಎಣಿಸಿ

ಸುಳಿವಿನ ಕೊನೆಗೆ ಆವರಣದಲ್ಲಿರುವ ಅಂಕಿ ಉತ್ತರಕ್ಕೆ ಎಷ್ಟು ಮನೆ ಅಂತ ಹೇಳುತ್ತದೆ. ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಆ ಅಕ್ಷರದ ಜೊತೆಗೇ ಒಂದೇ ಮನೆಯಲ್ಲಿ ಕೂರುತ್ತವೆ. ‘ಸ್ವಾತಂತ್ರ್ಯ’ ಎಷ್ಟು ಉದ್ದ ಕಂಡರೂ ಮೂರೇ ಮನೆ: ಸ್ವಾ, ತಂ, ತ್ರ್ಯ. ‘ಅಂಗಡಿ’ಯೂ ಮೂರು. ‘ಬಸ್’ ಎರಡು, ಏಕೆಂದರೆ ಕೊನೆಯ ಅರ್ಧಾಕ್ಷರಕ್ಕೂ ಸಾಮಾನ್ಯವಾಗಿ ಒಂದು ಮನೆ ಕೊಡುತ್ತಾರೆ.

ಎಣಿಕೆಯನ್ನು ಮೊದಲೇ ಮಾಡಿ ಅನ್ನುವುದಕ್ಕೆ ಕಾರಣ ಇದೆ. ಸುಳಿವು ಯಾವ ಜಾತಿಯದ್ದು ಅಂತ ಎಷ್ಟೋ ಸಲ ಆವರಣದೊಳಗಿನ ಅಂಕಿಯೇ ಹೇಳಿಬಿಡುತ್ತದೆ. ಹೇಗೆ ಅಂತ ಹಂತ 4ರಲ್ಲಿ ನೋಡೋಣ.

## ಹಂತ 2: ಸುಳಿವನ್ನು ಮೂರು ತುಂಡು ಮಾಡಿ

ಪ್ರತಿ ಗೂಢ ಸುಳಿವಿನಲ್ಲೂ ಸಾಮಾನ್ಯವಾಗಿ ಮೂರು ಇರುತ್ತವೆ. ಉತ್ತರದ ಅರ್ಥ, ಉತ್ತರ ಕಟ್ಟಲು ಬೇಕಾದ ಸರಕು, ಆ ಸರಕನ್ನು ಏನು ಮಾಡಬೇಕು ಅಂತ ಹೇಳುವ ಸೂಚಕ. ನಮ್ಮ ಗಡಿಯಾರದಲ್ಲಿ ಅರ್ಥ ‘ಶೀತ’, ಸರಕು ‘ಮನೆ ಗಡಿಯಾರ’, ಸೂಚಕ ‘ಒಳಗೆ ಸೇರಿಕೊಂಡ’.

ಈ ಮೂರೂ ಇದ್ದಾಗ ಅರ್ಥ ಒಂದು ತುದಿಯಲ್ಲಿ ಇರುತ್ತದೆ. ಮೊದಲಲ್ಲಿ ಇಲ್ಲವೇ ಕೊನೆಯಲ್ಲಿ. ನಡುವೆ ಹುಡುಕಿ ಸಮಯ ಕಳೆಯಬೇಡಿ.

ಕನ್ನಡದಲ್ಲಿ ಒಂದು ಹೆಚ್ಚಿನ ತೊಡಕಿದೆ. ಸೂಚಕ ಎಷ್ಟೋ ಸಲ ಬೇರೆ ಪದವಾಗಿ ನಿಲ್ಲುವುದೇ ಇಲ್ಲ, ಸರಕಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ‘ಗಡಿಯಾರದೊಳಗೆ’ ಅನ್ನುವಾಗ ‘ದೊಳಗೆ’ ಸರಕಲ್ಲ. ಹಾಗಾಗಿ -ಅಲ್ಲಿ, -ಒಳಗೆ, -ಇಂದ, -ಗೆ, -ಅನ್ನು ಇವುಗಳ ಮುಂದೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ವಿಭಕ್ತಿ ಕತ್ತರಿಸದೆ ಅಕ್ಷರ ಎಣಿಸುವುದು ನಾನು ನೋಡಿದ ತಪ್ಪುಗಳಲ್ಲೆಲ್ಲ ಮೊದಲನೆಯದು.

ಇದಕ್ಕೊಂದು ಉದಾಹರಣೆ:

ಮಳೆ ನೆಲಕ್ಕೆ ಬಿಟ್ಟು ಬಿಟ್ಟು ಬಿದ್ದರೂ ನಾವಿರುವುದು ಇಲ್ಲಿ (2)

‘ನೆಲಕ್ಕೆ’ಯಿಂದ ‘ಕ್ಕೆ’ ಕತ್ತರಿಸಿ. ಉಳಿದದ್ದು ಮ, ಳೆ, ನೆ, ಲ. ಬಿಟ್ಟು ಬಿಟ್ಟು ಓದಿ: ಮ, ನೆ. ನಾವಿರುವುದು ಮನೆಯಲ್ಲಿ. ಕತ್ತರಿಸದೆ ಇದ್ದಿದ್ದರೆ ‘ಮನೆಕ್ಕೆ’ ಅಂತ ಮೂರಕ್ಷರ ಹಿಡಿದು ಕೂರುತ್ತಿದ್ದಿರಿ.

## ಹಂತ 3: ಸೂಚಕದ ಬಣ್ಣ ಗುರುತಿಸಿ

‘ಅಡಗಿದ, ನಡುವೆ, ಸಿಕ್ಕಿಕೊಂಡ’ ಅಂದರೆ ಬಚ್ಚಿಟ್ಟ ಪದ. ‘ತಿರುಗಿದ, ಹಿಂದೆ, ತಲೆಕೆಳಗಾದ’ ಅಂದರೆ ಹಿಂದಿನಿಂದ ಓದಬೇಕು. ‘ತಲೆ ಹೋದ, ಬಾಲವಿಲ್ಲದ, ನಡು ಮುರಿದ’ ಅಂದರೆ ಒಂದು ಅಕ್ಷರ ಕಳೆಯಬೇಕು. ‘ಕಲಸಿದ, ಗಲಾಟೆ, ಚೆಲ್ಲಾಪಿಲ್ಲಿ’ ಅಂದರೆ ಅಕ್ಷರಗಳ ಜಾಗ ಬದಲಿಸಬೇಕು. ‘ಮೊದಲು, ಆರಂಭದಲ್ಲಿ’ ಅಂದರೆ ಪ್ರತಿ ಪದದ ಮೊದಲಕ್ಷರ ಹೆಕ್ಕಬೇಕು. ‘ಕಾಡು, ಗವಿ, ದಡಗಳ ಮೊದಲಲ್ಲೇ ಪತ್ರ (3)’ ಅಂದರೆ ಕಾಗದ.

ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ವಾಕ್ಯದಲ್ಲಿ ಯಾವುದಾದರೂ ಕ್ರಿಯಾಪದ ಸುಮ್ನೆ ಬಂದ ಹಾಗೆ ಕಂಡರೆ ಅದರ ಮೇಲೆ ಅನುಮಾನ ಇಡಿ, ಸಾಕು.

## ಹಂತ 4: ‘ಒಳಗೆ’ ಅಂದರೆ ಎರಡು ಕೆಲಸ

ಜರಿಯೊಳಗೆ ಹೊಸದನ್ನು ಸೇರಿಸಿದರೆ ವರ್ಷ ಶುರು (4)

ಗಡಿಯಾರದ ರುಚಿ ಹತ್ತಿದವರು ಇಲ್ಲೂ ‘ಜರಿ’ಯೊಳಗೆ ಪದ ಹುಡುಕುತ್ತಾರೆ. ಆದರೆ ಜರಿಗೆ ಎರಡೇ ಅಕ್ಷರ, ಉತ್ತರಕ್ಕೆ ನಾಲ್ಕು. ಎರಡರೊಳಗೆ ನಾಲ್ಕು ಅಡಗುವುದು ಹೇಗೆ? ಇಲ್ಲಿ ಒಂದು ಪದವನ್ನು ಇನ್ನೊಂದರ ಹೊಟ್ಟೆಗೆ ಹಾಕಬೇಕು. ಹೊಸದು ಅಂದರೆ ‘ನವ’. ಜ + ನವ + ರಿ, ಜನವರಿ.

ನೆನಪಿಡಲು ಸುಲಭ. ‘ಒಳಗೆ’ಗೆ ಮುಂಚಿನ ಸರಕು ಉತ್ತರಕ್ಕಿಂತ ಉದ್ದವಾಗಿದ್ದರೆ ಪದ ಅಲ್ಲೇ ಅಡಗಿದೆ. ಗಿಡ್ಡವಾಗಿದ್ದರೆ ಹೊಟ್ಟೆಗೆ ಏನೋ ತುಂಬಬೇಕು.

ಇಲ್ಲಿ ಇನ್ನೊಂದು ವಿಷಯ. ಜರಿಯನ್ನು ಹಾಗೇ ಕೊಟ್ಟಿದ್ದೇನೆ, ‘ನವ’ವನ್ನು ‘ಹೊಸದು’ ಎಂದು ಮರೆಮಾಡಿದ್ದೇನೆ. ಇಂಥ ಪುಟ್ಟ ಪದಗಳು ಮತ್ತೆ ಮತ್ತೆ ಬರುತ್ತವೆ. ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ನವ ಎಂದರೆ ಹೊಸದು, ಒಂಬತ್ತು. ಕರ ಎಂದರೆ ಕೈ, ತೆರಿಗೆ. ಗರ ವಿಷ, ನಗ ಬೆಟ್ಟ, ಖಗ ಹಕ್ಕಿ. ಅಳಿ ಅಂದರೆ ದುಂಬಿಯೂ ಹೌದು, ನಾಶವಾಗು ಅಂತಲೂ ಹೌದು. ಇನ್ನು ‘ಹರಿ’ಯಂತೂ ಬಹುರೂಪಿ: ವಿಷ್ಣು, ಸಿಂಹ, ಕೋತಿ, ಹರಿಯುವ ನೀರು, ಹರಿಯುವ ಬಟ್ಟೆ.

## ಹಂತ 5: ತಿರುಗಿಸುವಾಗ ಗುಣಿತವನ್ನೂ ಹೊತ್ತೊಯ್ಯಿರಿ

ಹೊಳೆ ಹಿಂದಕ್ಕೆ ಹರಿದರೆ 24 ಗಂಟೆ (2)

ಹೊಳೆ ಎಂದರೆ ನದಿ. ಹಿಂದಿನಿಂದ ಓದಿದರೆ ದಿನ. ‘ದಿ’ಯ ಗುಡಿಸು ‘ದಿ’ಯ ಜೊತೆಗೇ ಬಂತು, ನೋಡಿ. ಅದು ‘ನ’ಕ್ಕೆ ಅಂಟಿ ‘ದನಿ’ ಆಗಲಿಲ್ಲ.

ಈ ತಪ್ಪು ನಮಗೆ ಅಭ್ಯಾಸವಾಗಿದೆ. ವಾಲ್ಮೀಕಿ ‘ಮರ ಮರ’ ಅಂತ ಜಪಿಸಿ ‘ರಾಮ’ ಆಯಿತು ಅಂತ ಕತೆ ಹೇಳುತ್ತೇವಲ್ಲ. ಪದಬಂಧದ ಲೆಕ್ಕದಲ್ಲಿ ಮರ ತಿರುಗಿದರೆ ರಮ. ರಾಮ ಬೇಕೆಂದರೆ ‘ಮರಾ’ ಅಂತಲೇ ಜಪಿಸಬೇಕು.

‘ಹರಿದರೆ, ತಿರುಗಿದರೆ, ಆದರೆ’ ಇದ್ದಾಗ ಉತ್ತರ ಅದರ ಆಚೆಗಿನ ತುಂಡಿನಲ್ಲಿದೆ. ‘ಲೋಕ ತಲೆಕೆಳಗಾದರೆ ಆನೆ (2)’ ಅಂದರೆ ಬರೆಯಬೇಕಾದದ್ದು ಗಜ. ಜಗ ಅಂತ ಬರೆದರೆ ತಪ್ಪು. ಈ ‘ಅರೆ’ ಇಲ್ಲದೆ, ಎರಡೂ ಕಡೆಯಿಂದ ಓದಬಹುದಾದ ಹಾಗೆ ಸುಳಿವು ಇದ್ದರೆ, ಅಡ್ಡ ಬರುವ ಪದದ ಅಕ್ಷರ ಸಿಗುವವರೆಗೆ ಪೆನ್ಸಿಲ್ ಎತ್ತಬೇಡಿ.

ಎತ್ತಲಿಂದ ಓದಿದರೂ ಒಂದೇ ಆಗುವ ಪದಗಳೂ ಇವೆ. ‘ಎತ್ತ ಕಡೆಯಿಂದ ನೋಡಿದರೂ ಕಣ್ಣು (3)’ ಅಂದರೆ ನಯನ.

## ಹಂತ 6: ಕಳೆಯಿರಿ, ಕಲಸಿರಿ

ನಡು ಇಲ್ಲದ ಹಲಸು ಹಾಲು ಕೊಡುತ್ತದೆ (2)

ಹಲಸಿನ ನಡು ‘ಲ’. ತೆಗೆದರೆ ಹಸು. ಸರಕನ್ನು ನೇರವಾಗಿ ಕೊಟ್ಟಿದ್ದರಿಂದ ಇದು ಸುಲಭ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು:

ಮೈ ಕಳೆದುಕೊಂಡ ಅರಮನೆಯ ಊರಲ್ಲಿ ಉಳಿದ ಮಾಡು (2)

ಅರಮನೆಯ ಊರು ಮೈಸೂರು. ‘ಮೈ’ ಹೋದರೆ ಸೂರು. ಇಲ್ಲಿ ಎರಡು ಹೆಜ್ಜೆ ಇದೆ. ಮೊದಲು ಸಮಾನ ಪದ ಹುಡುಕಬೇಕು, ಆಮೇಲೆ ಕಳೆಯಬೇಕು. ಉಲ್ಟಾ ಮಾಡಲು ಹೋದವರು ‘ಅರಮನೆ’ಯಿಂದಲೇ ಏನೋ ಕತ್ತರಿಸುತ್ತಾ ಕೂರುತ್ತಾರೆ.

ಕಲಸುವ ಸುಳಿವಿಗೆ ಒಂದು ಉದಾಹರಣೆ ಸಾಕು: ‘ಗಲಾಟೆ ಮಾಡಿದ ಸವತಿಗೆ ಉಳಿಯಲು ಜಾಗ (3)’. ಸ, ವ, ತಿ ಜಾಗ ಬದಲಿಸಿದರೆ ವಸತಿ. ಇಂಗ್ಲಿಷ್ ಪದಬಂಧದಲ್ಲಿ ಇದೇ ರಾಜ. ಕನ್ನಡದಲ್ಲಿ ಇದಕ್ಕೆ ಅಷ್ಟು ಕಸುವಿಲ್ಲ ಅಂತ ನನ್ನ ಅಭಿಪ್ರಾಯ. ಮೂರು ನಾಲ್ಕು ಅಕ್ಷರವನ್ನು ಎಷ್ಟು ಅಂತ ಕಲಸುತ್ತೀರಿ? ನಮ್ಮಲ್ಲಿ ಆಟ ಇರುವುದು ಮುಂದಿನ ಹಂತದಲ್ಲಿ.

## ಹಂತ 7: ಕೊಂಬು, ಗುಡಿಸು, ಇಳಿ, ಒತ್ತು, ಸೊನ್ನೆ

ಇದನ್ನು ನಿಧಾನವಾಗಿ ಓದಿ. ಇಂಗ್ಲಿಷ್ ಗೂಢ ಪದಬಂಧದಲ್ಲಿ ಪಳಗಿದವರೂ ಇಲ್ಲಿ ಎಡವುತ್ತಾರೆ. ಅವರ ಭಾಷೆಯಲ್ಲಿ ಇಂಥದ್ದು ಇಲ್ಲ.

ಒಂದನೇ ತರಗತಿಯಲ್ಲಿ ಕಾಗುಣಿತ ಹೇಳಿಸುವಾಗ ಬಂದ ಹೆಸರುಗಳು ನೆನಪಿವೆಯಾ? ‘ಕಾ’ದಲ್ಲಿ ಇಳಿ, ‘ಕಿ’ಯಲ್ಲಿ ಗುಡಿಸು, ‘ಕು’ವಿನಲ್ಲಿ ಕೊಂಬು. ಈ ಹೆಸರುಗಳಿಗೆ ಬೇರೆ ಅರ್ಥವೂ ಇದೆ. ಇಳಿ ಎಂದರೆ ಕೆಳಗೆ ಬಾ. ಗುಡಿಸು ಎಂದರೆ ಕಸ ಹೊಡೆ. ಕೊಂಬು ಪ್ರಾಣಿಯದ್ದು. ಸುಳಿವು ಕಟ್ಟುವವರಿಗೆ ಇದಕ್ಕಿಂತ ಏನು ಬೇಕು?

ತೆರಿಗೆಗೆ ಕೊಂಬು ಮೂಡಿದರೆ ಹಟ್ಟಿಯಲ್ಲಿ ನೆಗೆದಾಡುತ್ತದೆ (2)

ತೆರಿಗೆ ಎಂದರೆ ಕರ. ‘ರ’ಕ್ಕೆ ಕೊಂಬು ಕೊಟ್ಟರೆ ಕರು.

ಕಸ ಕೊನೆಯಲ್ಲಿ ಗುಡಿಸಿದರೆ ಮಾವಿನ ತೋಟದ ಕೆಲಸ (2)

ಪೊರಕೆ ಬಿಡಿ. ‘ಕಸ’ದ ಕೊನೆಯ ಅಕ್ಷರಕ್ಕೆ ಗುಡಿಸು: ಕಸಿ.

ಶಕ್ತಿ ಮೊದಲಿಗೇ ಇಳಿದರೆ ಹಿಂದೆ ಅಲ್ಲಾಡುತ್ತದೆ (2)

ಶಕ್ತಿ ಎಂದರೆ ಬಲ. ಮೊದಲಕ್ಷರಕ್ಕೆ ಇಳಿ: ಬಾಲ.

ಒತ್ತು ಇನ್ನೂ ತುಂಟ. ‘ಒತ್ತಿ ಹೇಳಿದ ಕತೆ ಹೊರೆ ಹೊರುತ್ತದೆ (2)’ ಅಂದರೆ ‘ತೆ’ಗೆ ಒತ್ತು ಕೊಟ್ಟು ಕತ್ತೆ. ‘ರೈಲಿನ ದಾರಿ ಒತ್ತಿದರೆ ಸಣ್ಣ ಊರು (2)’ ಅಂದರೆ ಹಳಿ ಹೋಗಿ ಹಳ್ಳಿ. ಈ ಕತ್ತೆಯನ್ನು ಚಿಕ್ಕಮ್ಮ ಐದೇ ಸೆಕೆಂಡಿನಲ್ಲಿ ಹಿಡಿದರು. “ಕಾಗುಣಿತ ತಾನೇ, ಮೊದಲೇ ಹೇಳಬಾರದಿತ್ತಾ” ಅಂತ ನನಗೇ ಬೈದರು.

ಗುಣಿತ ಯಾವ ಅಕ್ಷರಕ್ಕೆ ಅಂತ ಸುಳಿವು ಹೇಳದಿದ್ದರೆ ಒಂದೊಂದಕ್ಕೂ ಹಾಕಿ ನೋಡಿ. ಎರಡಕ್ಷರದ ಪದಕ್ಕೆ ಇರುವುದು ಎರಡೇ ಅವಕಾಶ. ಬರವಣಿಗೆಯ ರೂಪ ಮಾತ್ರ ಗಮನದಲ್ಲಿರಲಿ. ‘ಕತೆ’ಗೆ ಒತ್ತು ಕೊಟ್ಟರೆ ಕತ್ತೆ. ‘ಕಥೆ’ಗೆ ಕೊಟ್ಟರೆ ಏನೂ ಆಗುವುದಿಲ್ಲ. ಬೇಸಗೆ-ಬೇಸಿಗೆ, ದನಿ-ಧ್ವನಿ ಇವೂ ಹೀಗೇ. ಒಂದು ರೂಪ ಕೂರದಿದ್ದರೆ ಇನ್ನೊಂದನ್ನು ಹಾಕಿ ನೋಡಿ.

## ಹಂತ 8: ಜೋಡಿಸುವಾಗ ಸಂಧಿ ಮರೆಯಬೇಡಿ

ಮಳೆಗೆ ಯಮ ಸೇರಿದರೆ ಕೊಡೆ ಬೇಕಾಗುವ ದಿನಗಳು (4)

ಯಮನಿಗೆ ‘ಕಾಲ’ ಅಂತಲೂ ಹೆಸರು. ಮಳೆ + ಕಾಲ. ಆದರೆ ಬರೆಯುವುದು ಮಳೆಗಾಲ. ಶಾಲೆಯಲ್ಲಿ ಆದೇಶ ಸಂಧಿ ಅಂತ ಓದಿದ್ದು ಇದೇ. ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಎರಡೂ ತುಂಡು ಸರಿಯಾಗಿದೆ, ಆದರೆ ಅಡ್ಡ ಪದದ ಅಕ್ಷರ ಕೂರುತ್ತಿಲ್ಲ ಅಂದಾಗ ಮೊದಲು ಸಂಧಿ ನೋಡಿ. ಎಷ್ಟೋ ಜನ ಇಲ್ಲಿಗೆ ಬಂದು, ಸರಿಯಾದ ಉತ್ತರವನ್ನೇ ಅಳಿಸಿಬಿಡುತ್ತಾರೆ.

## ಹಂತ 9: ಸರಕೇ ಇಲ್ಲದ ಸುಳಿವುಗಳು

ಸೂಚಕ ಹುಡುಕಿ ಹುಡುಕಿ ಸಿಗದಿದ್ದರೆ ಅದು ಎರಡರ್ಥದ ಸುಳಿವು ಇರಬಹುದು. ಚಿಕ್ಕ ಸುಳಿವು ಅಂದ ತಕ್ಷಣ ಇದನ್ನೇ ಮೊದಲು ನೋಡಿ.

‘ಬೇಟೆಗಾರ ಬೇಕಾಗಿಲ್ಲ (2)’. ಉತ್ತರ: ಬೇಡ. ‘ಹುಡುಕು, ದೊರೆ! (3)’. ಉತ್ತರ: ಅರಸು. ಮೂರರ್ಥದ್ದೂ ಸಿಗುತ್ತದೆ: ‘ಕಪ್ಪು ಆನೆಯನ್ನು ಎಣ್ಣೆಯಲ್ಲಿ ಬೇಯಿಸು (2)’. ಕಪ್ಪೂ ಕರಿ, ಆನೆಯೂ ಕರಿ, ಎಣ್ಣೆಯಲ್ಲಿ ಮಾಡುವುದೂ ಕರಿ. ಇಲ್ಲಿ ‘ಅನ್ನು’ ಬರೀ ವಾಕ್ಯದ ಅಂದಕ್ಕೆ ಬಂದದ್ದು.

ಇನ್ನು ಕೆಲವು ಪೂರ್ತಿ ಒಗಟು. ‘ಮಳೆ ಬಂದರೆ ಅರಳುತ್ತದೆ, ನಿಂತರೆ ಮುದುಡುತ್ತದೆ (2)’ ಅಂದರೆ ಕೊಡೆ. ಅಜ್ಜಿ ಹೇಳುತ್ತಿದ್ದ ಒಗಟು ಬಿಡಿಸಿದ ಹಾಗೇ ಬಿಡಿಸಬೇಕು. ಅಕ್ಷರ ಕತ್ತರಿಸಲು ಹೋದರೆ ಏನೂ ಸಿಗುವುದಿಲ್ಲ.

## ಹಂತ 10: ಅಪರೂಪದ ನಾಲ್ಕು

ಸ್ವರ. ಸ, ರಿ, ಗ, ಮ, ಪ, ದ, ನಿ ಈ ಏಳು ಅಕ್ಷರಗಳು ಪುಕ್ಕಟೆ ಸರಕು. ‘ಮೊದಲೆರಡು ಸ್ವರಕ್ಕೆ ಒಪ್ಪಿಗೆ (2)’ ಅಂದರೆ ಸರಿ. ಧೈವತವನ್ನು ‘ಧ’ ಎಂದೂ ಬರೆಯುತ್ತಾರೆ, ‘ದ’ ಎಂದೂ ಬರೆಯುತ್ತಾರೆ. ಎರಡನ್ನೂ ಮನಸ್ಸಿನಲ್ಲಿಡಿ.

ಆಡುಮಾತು. ಹಳೆ ಮೈಸೂರಿನ ಕಡೆ ಆಡುಮಾತಿನಲ್ಲಿ ‘ಹ’ ನುಂಗುವುದುಂಟು. ‘ಹ ನುಂಗಿ ಹೇಳಿದ ಪದ್ಯ ಮುಟ್ಟದ ಸೊಪ್ಪಿಲ್ಲ (2)’. ಪದ್ಯ ಎಂದರೆ ಹಾಡು. ‘ಹ’ ನುಂಗಿದರೆ ಆಡು. ಗಾದೆ ಗೊತ್ತಿದ್ದವರಿಗೆ ಇದು ಎರಡು ಕಡೆಯಿಂದಲೂ ಸಿಗುತ್ತದೆ.

ಇಡೀ ಸುಳಿವೇ ಅರ್ಥ. ‘ಕೊನೆಯೆರಡು ಸ್ವರ! (2)’. ದ + ನಿ, ದನಿ. ಇಲ್ಲಿ ಅರ್ಥವನ್ನು ಬೇರೆ ಹೇಳಿಲ್ಲ. ಸ್ವರ ಅಂದರೇ ದನಿಯಲ್ವಾ? ಹೀಗೆ ಇಡೀ ಸುಳಿವು ಸರಕೂ ಆಗಿ ಅರ್ಥವೂ ಆದಾಗ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ಇಂಗ್ಲಿಷ್ ಪದಬಂಧದಿಂದ ಬಂದ ರೂಢಿ. ‘ಎದೆಯಿಲ್ಲದ ಕರಡಿ ಮಾಡುವುದು! (2)’ ಕೂಡ ಹತ್ತಿರ ಹತ್ತಿರ ಇದೇ ಜಾತಿ: ಕರಡಿಯ ನಡುವಿನ ‘ರ’ ಹೋದರೆ ಕಡಿ.

ಉತ್ತರವೇ ಸೂಚಕ. ಎಲ್ಲಕ್ಕಿಂತ ಕಾಡುವುದು ಇದು. ‘ಗಜ ಜಗವಾದದ್ದು ಹೇಗೆ? (4)’. ಈವರೆಗೆ ಸೂಚಕ ನೋಡಿ ಉತ್ತರ ಕಟ್ಟುತ್ತಿದ್ದೆವು. ಇಲ್ಲಿ ಕಟ್ಟಿ ಮುಗಿದಿದೆ, ಸೂಚಕವನ್ನು ನಾವು ಹೇಳಬೇಕು: ಹಿಂದುಮುಂದು. ಸುಳಿವಿನಲ್ಲಿ ‘ಹೇಗೆ, ಹೀಗೆ’ ಇದ್ದು, ಎರಡು ಪದಗಳಲ್ಲಿ ಅವೇ ಅಕ್ಷರಗಳು ಕಂಡರೆ ಈ ಬಾಗಿಲು ತಟ್ಟಿ.

## ತಪ್ಪು ದಾರಿಯಲ್ಲಿದ್ದೀರಿ ಅನ್ನುವ ಗುರುತು

ಉತ್ತರ ಮನೆಗಳಿಗೆ ಕೂತಿತು, ಆದರೆ ಸುಳಿವಿನ ಒಂದು ಪದ ಯಾಕಿದೆ ಅಂತ ಹೇಳಲು ಬರುತ್ತಿಲ್ಲ. ಇದು ದೊಡ್ಡ ಎಚ್ಚರಿಕೆ. ಒಳ್ಳೆಯ ಸುಳಿವಿನಲ್ಲಿ ದಂಡಕ್ಕೆ ಬಂದ ಪದ ಇರುವುದಿಲ್ಲ. ನಾನೇ ಒಮ್ಮೆ ‘ಮಾನ’ ಅಂತ ಪೆನ್ನಿನಲ್ಲಿ ಬರೆದು, ಸುಳಿವಿನಲ್ಲಿದ್ದ ‘ತಿರುಗಿ’ಯನ್ನು ಕಂಡೂ ಕಾಣದ ಹಾಗೆ ಬಿಟ್ಟಿದ್ದೆ. ಬೇಕಿದ್ದದ್ದು ಬೇರೆಯೇ ಪದ. ಆ ಮೂಲೆ ಪೂರ್ತಿ ಕೆಟ್ಟಿತು.

ಉತ್ತರ ಸುಳಿವಿನೊಳಗೇ ಹಾಗೇ ಇದ್ದರೂ ಅನುಮಾನಿಸಿ. ಅಡಗಿದ ಪದವಾದರೆ ಅದು ಪದದ ನಡುವಿನಿಂದ ಹೊರಬರಬೇಕು. ಇಡೀ ಪದವನ್ನೇ ಎತ್ತಿ ಕೊಡುವಷ್ಟು ಉದಾರಿಗಳು ಸುಳಿವು ಕಟ್ಟುವವರಲ್ಲಿ ಕಡಿಮೆ.

ಹತ್ತು ನಿಮಿಷವಾದರೂ ವಾಕ್ಯದ ಚಿತ್ರವೇ ಕಣ್ಣಮುಂದಿದ್ದರೆ, ಅಂದರೆ ಇನ್ನೂ ಗಡಿಯಾರ, ಪೊರಕೆ, ಕರಡಿಯೇ ಕಾಣುತ್ತಿದ್ದರೆ, ಸುಳಿವನ್ನು ಹಾಳೆಯ ಮೇಲೆ ಕೊನೆಯ ಪದದಿಂದ ಶುರು ಮಾಡಿ ಹಿಂದೆ ಹಿಂದೆ ಬರೆಯಿರಿ. ಚಿತ್ರ ಒಡೆಯುತ್ತದೆ, ಅಕ್ಷರ ಕಾಣುತ್ತದೆ.

## ಕೈ ಪಳಗಿಸಲು ಐದು

1. ಆಕಾಶ, ರವಿಗಳ ನಡುವೆ ಬಾಣ (2)
2. ಯಾವಾಗಲೂ ಹಿಂದೆ ತಿರುಗುವ ಸೇವಕ (2)
3. ಮಡಿಯ ಮೊದಲಿಗೆ ಸೊನ್ನೆ ಸುತ್ತಿದರೆ ಕಾಲಿನ ಕೀಲು (2)
4. ಮೂರು ಸ್ವರಗಳ ಸರ್ಕಾರಿ ಸಂಸ್ಥೆ (3)
5. ಹೋಗುವಾಗಲೂ ಬರುವಾಗಲೂ ಒಂದೇ ಊರು (3)

ಉತ್ತರಗಳನ್ನು ಕಣ್ಣಿಗೆ ಬೀಳದಿರಲಿ ಅಂತ ತಿರುಗಿಸಿ ಕೊಟ್ಟಿದ್ದೇನೆ: ರಶ, ಸದಾ, ಡಿಮಂ, ಮಗನಿ, ಗದಗ. ಐದನೆಯದನ್ನು ತಿರುಗಿಸಿದೆ ಅಂತ ಆಣೆ ಮಾಡಿ ಹೇಳುತ್ತೇನೆ, ನಂಬಿ.